ಹತ್ತೊಂಬತ್ತನೇ ಸಿಪ್ಪೆ

ಮಾರ್ಚ್ ೯

ಚಿಟಿಕೆಗೆ,

ನೀನು ಹೊರಟು ಇವತ್ತಿಗೆ ಮೂರು ವಾರ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೇ ಮಾತಿಗೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಕಾಗದಕ್ಕೆ ಆ ಸೌಕರ್ಯ ಇಲ್ಲ, ಕೊನೆಯವರೆಗೂ ಓದಬೇಕು. ಅಕ್ಷರ ಕಾಗೆಕಾಲು ಗುಬ್ಬಿಕಾಲು ಅಂತ ನಗಬೇಡ. ದಿನವಿಡೀ ಕೈಗವಸಿನಲ್ಲಿರುವ ಬೆರಳಿಗೆ ಪೆನ್ನು ಹಿಡಿಯುವುದು ಮರೆತುಹೋಗಿದೆ.

ಮನೆ ಹೇಗಿತ್ತೋ ಹಾಗೇ ಇದೆ. ನಮ್ಮ ಕಾರ್ಖಾನೆಯ ಬಟ್ಟೆಯಿಂದ ಸುಲಿದ ನೀಲಿ ಪ್ಲಾಸ್ಟಿಕ್ ಸಿಪ್ಪೆಗಳನ್ನು ಏಳನೇ ಕ್ಲಾಸಿನಲ್ಲಿ ನೀನು ಕಿಟಕಿಗೆ ಅಂಟಿಸಿದ್ದೆಯಲ್ಲ, ಅವನ್ನು ಕಿತ್ತಿಲ್ಲ. ಸಂಜೆ ಬಿಸಿಲು ಅವುಗಳನ್ನು ಹಾದು ಒಳಗೆ ಬಂದರೆ ಗೋಡೆ, ಮಂಚ, ಕನ್ನಡಿ ಎಲ್ಲ ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತದೆ. ಆ ಹೊತ್ತಿಗೆ ಹೋಗಿ ನಿನ್ನ ಮಂಚದ ಮೇಲೆ ಕೂರುತ್ತೇನೆ. ಮೊನ್ನೆ ಹಾಗೇ ಕೂತಲ್ಲೇ ಕಣ್ಣು ಹತ್ತಿ ಒಂದು ಕನಸು ಬಿತ್ತು. ನೀನು ಪುಟ್ಟವಳಾಗಿ ಕೊಳದ ತಳದಲ್ಲಿ ಸ್ಕೂಲ್ ಬ್ಯಾಗ್ ಹುಡುಕುತ್ತಿದ್ದೆ. "ಬ್ಯಾಗ್ ಒಳಗೆ ಏನಿತ್ತೇ?" ಅಂತ ಕೇಳಿದೆ. "ನಿನಗೇ ಗೊತ್ತಲ್ಲ" ಅಂದೆ ನೀನು. ನನಗೆ ಗೊತ್ತಿರಲಿಲ್ಲ.

ನಿನ್ನ ಹಾರಾಟದ ಶಾಲೆಯ ಮೇಷ್ಟ್ರು ನಿನ್ನ ದೊಡ್ಡಮ್ಮನಿಗೆ ಏನು ಕೆಲಸ ಅಂತ ಕೇಳಿದರೆ ಕರಿ ಬಟ್ಟೆ ಹಾಸುವ ಕೆಲಸ ಅನ್ನು. ಸುಳ್ಳೇನಲ್ಲ. ಅಂಟು ಕುಡಿಸಿದ ಕಾರ್ಬನ್ ಫೈಬರ್ ಬಟ್ಟೆಯನ್ನು ಅಚ್ಚಿನೊಳಗೆ ಪದರದ ಮೇಲೆ ಪದರ ಹಾಸುತ್ತೇವೆ, ಮೇಲೆ ಚೀಲ ಹೊದಿಸಿ ಒಳಗಿನ ಗಾಳಿಯನ್ನೆಲ್ಲ ಎಳೆಯುತ್ತೇವೆ, ದೊಡ್ಡ ಒಲೆಯಲ್ಲಿಟ್ಟು ಬೇಯಿಸುತ್ತೇವೆ. ಹೋಗುವಾಗ ಬಟ್ಟೆ, ಬರುವಾಗ ವಿಮಾನದ ರೆಕ್ಕೆ. ಇಪ್ಪತ್ತೊಂದು ವರ್ಷವಾದರೂ ಒಲೆಯ ಬಾಗಿಲು ತೆಗೆಯುವಾಗ ನನಗೆ ಎದೆ ಡವಡವ ಅನ್ನುತ್ತದೆ. ಆಮೇಲೆ ಒಂದು ನಾಣ್ಯ ಹಿಡಿದು ಅದರ ಮೈಯೆಲ್ಲ ತಟ್ಟಿ ನೋಡುತ್ತೇನೆ. ಟಣ್ ಅಂದರೆ ಗಟ್ಟಿ, ಥಪ್ ಅಂದರೆ ಒಳಗೆಲ್ಲೋ ಬಿಟ್ಟುಕೊಂಡಿದೆ. ಆ ಚಾಳಿ ಮನೆಗೂ ಬಂದು, ನಿನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಬದಲು ತಟ್ಟಿ ನೋಡುತ್ತಿದ್ದೆನಂತೆ. ನೀನೇ ಹೇಳಿದ್ದು.

ನಿನ್ನ ಅಮ್ಮ, ನನ್ನ ತಂಗಿ, ಕಣ್ಣು ಮುಚ್ಚುವ ಮೊದಲು ನಿನ್ನನ್ನು ನನ್ನ ಮಡಿಲಿಗೆ ಹಾಕಿದಾಗ ನಿನಗೆ ಎರಡು ವರ್ಷ. ಚಿಟಿಕೆಯಷ್ಟಿದ್ದೆ. ಅಲ್ಲಿಂದ ಇಲ್ಲಿಯವರೆಗೆ ನೀನು ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದೇನೆ. ಹಾರುವುದು ಕಲಿಯುತ್ತೇನೆ ಅಂದಾಗ ಮಾತ್ರ ಬೇಡ ಅಂದೆ. "ಅದರ ಒಳಗೆ ಏನಿರುತ್ತೆ ಅಂತ ನನಗೆ ಗೊತ್ತು" ಅಂತ ರೇಗಿದೆ. ಆಗ ನೀನು ಕೇಳಿದೆ: "ನೀನು ಮಾಡಿದ ರೆಕ್ಕೆ ಬೇರೆಯವರ ಮಕ್ಕಳಿಗಾದ್ರೆ ಆಗುತ್ತೆ, ನನಗೆ ಆಗಲ್ವಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಹೊರಡುವ ದಿನ ನೀನು ಕಾರ್ಖಾನೆಗೆ ಬಂದೆ. ತಪಾಸಣೆಯ ಸಾಹೇಬರು, ಅವರಿಗೆ ನಾವಿಟ್ಟ ಹೆಸರು ಭೂತಗನ್ನಡಿ, ಯಾವತ್ತೂ ಇಲ್ಲದ ದೊಡ್ಡ ಮನಸ್ಸು ಮಾಡಿ ನಿನಗೆ ಟೋಪಿ, ಕೈಗವಸು ಹಾಕಿಸಿ ಒಳಗೆ ಬಿಟ್ಟರು. ನೀನು ನನ್ನ ಬೆನ್ನ ಹಿಂದೆ ನಿಂತು "ಬರ್ತೀನಿ ದೊಡ್ಡಮ್ಮ" ಅಂದೆ. ನಾನು ಅಚ್ಚಿನ ಮೂಲೆಗೆ ಪದರ ಒತ್ತುತ್ತಿದ್ದೆ. ಒತ್ತುವುದು ಮುಗಿದು ಎಷ್ಟೋ ಹೊತ್ತಾಗಿತ್ತು, ಆದರೂ ಒತ್ತುತ್ತಲೇ ಇದ್ದೆ. ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.

ಸ್ವೆಟರ್ ಕಳಿಸಿದ್ದೇನೆ. ಮೇಲೆ ಚಳಿ ಇರುತ್ತದಂತೆ.

ನಿನ್ನ ದೊಡ್ಡಮ್ಮ


ಮಾರ್ಚ್ ೨೮

ದೊಡ್ಡಮ್ಮ,

ಸ್ವೆಟರ್ ಬಂತು. ತೋಳು ಉದ್ದ. ನಾನು ಇನ್ನೂ ಬೆಳೆಯುತ್ತೇನೆ ಅಂತ ನಿನ್ನ ಲೆಕ್ಕವಾ?

ಮೊದಲ ಮೂರು ವಾರ ನನ್ನನ್ನು ನೆಲ ಬಿಟ್ಟು ಏಳಲು ಬಿಡಲಿಲ್ಲ. ಶೆಡ್ ಗುಡಿಸುವುದು, ಹಗ್ಗ ಸುತ್ತುವುದು, ರೆಕ್ಕೆ ಒರೆಸುವುದು. ಮೇಷ್ಟ್ರಿಗೆ ಅರವತ್ತು ದಾಟಿದೆ, ಮಾತು ಕಮ್ಮಿ, ಮೀಸೆ ಜಾಸ್ತಿ. ರೆಕ್ಕೆ ಒರೆಸುವಾಗ ಅಭ್ಯಾಸಬಲದಿಂದ ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. "ಯಾರು ಕಲಿಸಿದ್ದು?" ಅಂದರು. ಹೇಳಿದೆ. ಮಾರನೇ ದಿನವೇ ಮುಂದಿನ ಸೀಟಿನಲ್ಲಿ ಕೂರಿಸಿದರು.

ನಮ್ಮ ಗ್ಲೈಡರ್ ವಿಮಾನಕ್ಕೆ ಎಂಜಿನ್ ಇಲ್ಲವಲ್ಲ, ಬಯಲಿನ ಆ ತುದಿಯಲ್ಲಿರುವ ಯಂತ್ರ ಹಗ್ಗ ಎಳೆದು ಮೇಲಕ್ಕೆ ಎಸೆಯುತ್ತದೆ. ಆಮೇಲೆ ಟಕ್ ಅಂತ ಹಗ್ಗ ಬಿಡುತ್ತದೆ. ಅದಾದ ಮೇಲಿನ ಮೌನ ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಕೆಳಗೆ ರಸ್ತೆ, ಬಸ್ಸು, ಒಣಗಲು ಹಾಕಿದ ಬಟ್ಟೆ, ಎಲ್ಲ ಇದೆ, ಒಂದಕ್ಕೂ ಸದ್ದಿಲ್ಲ. ರೆಕ್ಕೆಯ ತುದಿ ಮೆಲ್ಲಗೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ನಿದ್ದೆಯಲ್ಲಿರುವವರ ಎದೆ ನೋಡಿದ ಹಾಗಿರುತ್ತದೆ. ಅದನ್ನು ನಿನ್ನಂಥ ಯಾರೋ ಒಬ್ಬರು ಹಾಸಿ, ಒತ್ತಿ, ಬೇಯಿಸಿದ್ದಾರೆ ಅಂತ ನೆನಪಾಗಿ ಅಳು ಬಂತು. ಮೇಷ್ಟ್ರು ಹಿಂದಿನ ಸೀಟಿನಲ್ಲಿದ್ದರು, ಪುಣ್ಯ.

ನನ್ನ ಮಂಚದ ಪಕ್ಕದ ಕಿಟಕಿಗೆ ಒಂದು ನೀಲಿ ಸಿಪ್ಪೆ ಅಂಟಿಸಿಕೊಂಡಿದ್ದೇನೆ. ಒಂದೇ ಒಂದು, ಬರುವಾಗ ತಂದದ್ದು. ಬೆಳಗ್ಗೆ ಎದ್ದ ತಕ್ಷಣ ಅರ್ಧ ನಿಮಿಷ ಮನೆಯಲ್ಲೇ ಇದ್ದೇನೆ ಅನ್ನಿಸುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಾಗ ಬರಿ. ಅವಸರವಿಲ್ಲ.

ಚಿಟಿಕೆ


ಏಪ್ರಿಲ್ ೨೦

ಚಿಟಿಕೆಗೆ,

ಇಲ್ಲಿ ಸೆಖೆ. ನಾನೂ ಕತ್ತರಿಯೂ ಏನಾದರೂ ನೆಪ ಮಾಡಿಕೊಂಡು ಶೀತಲ ಕೋಣೆಗೆ ಹೋಗಿ ನಿಲ್ಲುತ್ತೇವೆ. ಕತ್ತರಿಯನ್ನು ಮರೆತಿಲ್ಲ ತಾನೆ, ನನ್ನ ಮೇಜಿನಲ್ಲೇ ಬಟ್ಟೆ ಕತ್ತರಿಸುವವಳು, ಬಾಯಿಯೂ ಅಷ್ಟೇ ಹರಿತ. ಕರಿ ಬಟ್ಟೆಯ ಸುರುಳಿಗಳು ಅಲ್ಲಿ ಸಾಲಾಗಿ ಮಲಗಿರುತ್ತವೆ. ಹೊರಗೆ ತಂದ ಗಂಟೆಯಿಂದ ಅವುಗಳಿಗೆ ವಯಸ್ಸಾಗುತ್ತಾ ಹೋಗುತ್ತದೆ, ಎಷ್ಟು ಗಂಟೆ ಹೊರಗಿದ್ದವು ಅಂತ ಪ್ರತಿಯೊಂದಕ್ಕೂ ಒಂದು ಚೀಟಿ. ಒಳಗಿದ್ದಷ್ಟು ಕಾಲ ವಯಸ್ಸೇ ಇಲ್ಲ. "ನಮ್ಮನ್ನೂ ಇಲ್ಲೇ ಮಲಗಿಸಿದ್ರೆ ಮದುವೆ ದಿನ ಇದ್ದ ಹಾಗೇ ಇರ್ತಿದ್ವಿ" ಅಂದಳು ಕತ್ತರಿ. "ನನಗೆ ಮದುವೆಯೇ ಆಗಿಲ್ವಲ್ಲೇ" ಅಂದೆ. "ಅದಕ್ಕೇ ಇನ್ನೂ ಚೆನ್ನಾಗಿದೀಯ" ಅಂದಳು.

ನಮ್ಮ ಮೇಜಿನ ಒಬ್ಬಳ ವಿಷಯ ಹೇಳಬೇಕು. ನಿನಗೆ ಪರಿಚಯವಿಲ್ಲ.

ಸಿಪ್ಪೆಯ ನಿಯಮ ನಿನಗೆ ಗೊತ್ತು. ಪ್ರತಿ ಪದರದ ಮೈಗೂ ಒಂದು ನೀಲಿ ಸಿಪ್ಪೆ ಅಂಟಿರುತ್ತದೆ. ಹಾಸುವ ಮೊದಲು ಸುಲಿಯಬೇಕು, ಮೂಲೆಯಲ್ಲಿ ಪದರದ ಸಂಖ್ಯೆ ಬರೆಯಬೇಕು, ಗೋಡೆಯ ಹಲಗೆಗೆ ಅಂಟಿಸಬೇಕು. ಎಲ್ಲ ಮುಗಿದ ಮೇಲೆ ಎಣಿಸಿ ಸಹಿ ಹಾಕಬೇಕು. ಮೂವತ್ತೆರಡು ಪದರಕ್ಕೆ ಮೂವತ್ತೆರಡು ಸಿಪ್ಪೆ. ಒಂದು ಕಡಿಮೆ ಬಂದರೆ ಅದು ಒಳಗೆ ಉಳಿದಿದೆ ಅಂತಲೇ ಅರ್ಥ. ಒಳಗೆ ಉಳಿದರೆ ಆ ಜಾಗದಲ್ಲಿ ಎರಡು ಪದರ ಒಂದನ್ನೊಂದು ಹಿಡಿಯುವುದಿಲ್ಲ. ಒಲೆಯಿಂದ ಬಂದಾಗ ಮೈ ಲಕಲಕ ಹೊಳೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮೂಲೆ ತಿರುಗುವ ಕಡೆ ಉಳಿದಿದ್ದರೆ ನಾಣ್ಯಕ್ಕೂ ಕೇಳಿಸುವುದಿಲ್ಲ. ಮೇಲೆ ಹೋದಾಗ, ಯಾವತ್ತೋ ಒಂದು ದಿನ, ಬಿಟ್ಟುಕೊಳ್ಳುತ್ತದೆ.

ಆ ದಿನ ಅವಳ ಮನಸ್ಸು ಸರಿ ಇರಲಿಲ್ಲ. ಕೊನೆಗೆ ಎಣಿಸಿದಳು, ಮೂವತ್ತೊಂದು ಬಂತು. ಮತ್ತೆ ಎಣಿಸಿದೆ, ಅಲ್ಲ, ಎಣಿಸಿದಳು. ಮೂವತ್ತೊಂದೇ. ನೆಲ, ಕಸದ ಬುಟ್ಟಿ, ಚಪ್ಪಲಿಯ ಅಡಿ, ಎಲ್ಲ ನೋಡಿದಳು. ಕಣ್ಣು ಮಂಜಾಗಿತ್ತು, ಹಲಗೆಯ ಮೇಲೆ ಒಂದರ ಹಿಂದೆ ಒಂದು ಅಂಟಿಕೊಂಡಿರಬೇಕು ಅಂದುಕೊಂಡಳು. ಒಲೆ ಕಾಯುತ್ತಿತ್ತು. "ಸರಿ ಇದೆಯೇನಮ್ಮ?" ಅಂದರು ಭೂತಗನ್ನಡಿ. ಅಷ್ಟು ವರ್ಷದಲ್ಲಿ ಅವಳ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ, ಅವರು ಎದ್ದೂ ಬರಲಿಲ್ಲ. "ಇದೆ ಸಾರ್" ಅಂದಳು. ಮೂವತ್ತೆರಡು ಅಂತ ಬರೆದು ಸಹಿ ಹಾಕಿದಳು.

ಅವಳನ್ನು ಬೈಯಬೇಕು ಅನ್ನಿಸುತ್ತದೆ. ಬೈಯಲು ಬಾಯಿ ಬರುವುದಿಲ್ಲ. ಆ ಭಾಗ ಬಣ್ಣದ ಕೋಣೆಗೆ ಹೋಯಿತು, ಅಲ್ಲಿಂದ ಯಾವ ದೇಶಕ್ಕೆ ಹೋಗುತ್ತದೋ ಏನೋ.

ಸ್ವೆಟರಿನ ತೋಳು ಮಡಚಿಕೋ. ನೀನು ಬೆಳೆಯುತ್ತೀಯ ಅಂತಲ್ಲ, ಅಳತೆ ಮರೆತಿದ್ದೆ.

ದೊಡ್ಡಮ್ಮ


ಮೇ ೩೦

ದೊಡ್ಡಮ್ಮ,

ಮೊದಲು ನಿಮ್ಮ ಮೇಜಿನವಳ ವಿಷಯ. ಓದಿ ಪಾಪ ಅನ್ನಿಸಿತು. ಹೇಳಿಬಿಡಲಿ ದೊಡ್ಡಮ್ಮ. ಹೇಳಿದರೆ ಏನಾಗುತ್ತದೆ, ಬೈಯುತ್ತಾರೆ. ಬೈಸಿಕೊಂಡರೆ ಮೈಗೇನು ತೂತು ಬೀಳುತ್ತದೆಯೇ ಅಂತ ನೀನೇ ನನಗೆ ಹೇಳುತ್ತಿದ್ದೆ.

ಇನ್ನು ನನ್ನದು. ಮೊನ್ನೆ ಒಂದು ಹದ್ದಿನ ಜೊತೆ ಹದಿನೇಳು ನಿಮಿಷ ಸುತ್ತಿದೆ. ಬಿಸಿಗಾಳಿ ಎಲ್ಲಿ ಏಳುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ, ನಾವು ನಾಚಿಕೆ ಬಿಟ್ಟು ಅದರ ಹಿಂದೆ ಹೋಗಬೇಕು. ಅದು ತಲೆ ತಿರುಗಿಸಿ ನನ್ನನ್ನು ಒಮ್ಮೆ ನೋಡಿತು. ಇವಳ್ಯಾರಪ್ಪ ಅಂದುಕೊಂಡಿರಬೇಕು. ಆ ನೋಟ ಇನ್ನೂ ನನ್ನ ಮೈಮೇಲೆ ಇದೆ.

ಈಗ ನಿಜವಾದ ಸುದ್ದಿ, ಕೂತುಕೊಂಡು ಓದು. ನಮ್ಮ ಶಾಲೆಗೆ ಹೊಸ ವಿಮಾನ ಬರುತ್ತಿದೆ. ಮಾಡಿದ್ದು ನಿಮ್ಮ ಕಾರ್ಖಾನೆ! ಮೇಷ್ಟ್ರು ಹೇಳಿದರು, ನನ್ನ ಮೊದಲ ಒಂಟಿ ಹಾರಾಟ ಅದರಲ್ಲೇ ಅಂತೆ. ಹಿಂದಿನ ಸೀಟು ಖಾಲಿ. ನಿನ್ನ ಕೈ ಬಿದ್ದದ್ದು ಅದರ ಯಾವ ಭಾಗಕ್ಕೆ? ರೆಕ್ಕೆಗೋ ಬಾಲಕ್ಕೋ? ಹೇಳು, ಹೊರಡುವ ಮೊದಲು ಅಲ್ಲೊಂದು ಸಲ ತಟ್ಟಿ ಹೋಗುತ್ತೇನೆ.

ನೀನು ಬೇಡ ಅಂದದ್ದು ಮರೆತಿಲ್ಲ. ಆದರೆ ಕೋಪವೂ ಅಷ್ಟು ಉಳಿದಿಲ್ಲ.

ಚಿಟಿಕೆ


ಜೂನ್ ೧೪

ಚಿಟಿಕೆಗೆ,

ಬಾಲದಲ್ಲಿ ಅಡ್ಡವಾಗಿ ಕೂರುವ ಪುಟ್ಟ ರೆಕ್ಕೆ ಇರುತ್ತದಲ್ಲ, ಅದು ನನ್ನದು. ಈ ವರ್ಷದ ಬಾಲದ ರೆಕ್ಕೆಗಳೆಲ್ಲ ನನ್ನ ಮೇಜಿನವೇ. ಅದನ್ನು ಹಿಡಿದಿರುವುದು ಒಂದೇ ಬೋಲ್ಟು. ಬಿಚ್ಚಿದರೆ ಅಡಿಯಲ್ಲಿ ಒಂದು ಸಂಖ್ಯೆ ಕಾಣುತ್ತದೆ.

ವಿಮಾನ ಬಂದ ದಿನವೇ ಆ ಸಂಖ್ಯೆ ನೋಡಿ ನನಗೆ ಬರಿ. ಯಾಕೆ ಅಂತ ಕೇಳಬೇಡ, ಮುದುಕಿಯ ಕುತೂಹಲ ಅಂದುಕೋ. ನನ್ನ ಉತ್ತರ ಬರುವವರೆಗೆ ಅದನ್ನು ಹತ್ತಬೇಡ.

ದೊಡ್ಡಮ್ಮ


ಜುಲೈ ೨

ದೊಡ್ಡಮ್ಮ,

ಬಂತು. ನಿನ್ನೆ ಲಾರಿಯಿಂದ ಇಳಿಸಿದೆವು. ಬಿಳಿ ಅಂದರೆ ಎಂಥ ಬಿಳಿ, ಬಯಲಿಗೆ ತಂದು ನಿಲ್ಲಿಸಿದರೆ ಮೋಡವೊಂದು ದಾರಿ ತಪ್ಪಿ ಕೆಳಗೆ ಕೂತಂತಿತ್ತು. ರೆಕ್ಕೆ ಜೋಡಿಸುವಾಗ ಯಾರೂ ಮಾತಾಡಲಿಲ್ಲ, ಮೇಷ್ಟ್ರ ಮೀಸೆ ಮಾತ್ರ ಅಲ್ಲಾಡುತ್ತಿತ್ತು. ಬಾಲದ ರೆಕ್ಕೆಯನ್ನು ನಾನೊಬ್ಬಳೇ ಹೊತ್ತು ತಂದೆ. ಎಷ್ಟು ಹಗುರ! ಎರಡು ವರ್ಷದವಳಾಗಿದ್ದಾಗ ನಾನು ಇಷ್ಟೇ ಇದ್ದೆನೇನೋ.

ಅಡಿಯಲ್ಲಿ ನೂರ ಹದಿನಾಲ್ಕು ಅಂತಿದೆ. ಇದೇ ತಾನೆ ನೀನು ಕೇಳಿದ್ದು?

ಇಪ್ಪತ್ತನೇ ತಾರೀಕು ನನ್ನ ಒಂಟಿ ಹಾರಾಟ. ಅದೇ ಸ್ವೆಟರ್ ಹಾಕಿಕೊಳ್ಳುತ್ತೇನೆ, ತೋಳು ಮಡಚಿಕೊಂಡು.

ಚಿಟಿಕೆ


ಜುಲೈ ೯

ಚಿಟಿಕೆಗೆ,

ಈ ಕಾಗದ ಸೇರುವ ಮೊದಲೇ ನಿನ್ನ ಮೇಷ್ಟ್ರಿಗೆ ಕಾರ್ಖಾನೆಯಿಂದ ಫೋನ್ ಬಂದಿರುತ್ತದೆ, ವಿಮಾನ ಹಾರಿಸಬೇಡಿ, ಬಾಲದ ರೆಕ್ಕೆ ಬಿಚ್ಚಿ ವಾಪಸ್ ಕಳಿಸಿ ಅಂತ. ಆ ಫೋನ್ ಮಾಡಿಸಿದವಳು ನಾನು. ಅನುಮಾನ ಇದೆ, ಬೇಕಾದರೆ ಕೊಯ್ದು ನೋಡುತ್ತೇವೆ ಅಂತಷ್ಟೇ ಅವರು ಹೇಳಿರುತ್ತಾರೆ. ಕಾರಣವನ್ನು ನಾನೇ ನಿನಗೆ ಹೇಳಬೇಕು.

ನಮ್ಮ ಮೇಜಿನವಳು ಅಂತ ಯಾರೂ ಇಲ್ಲ. ಅವಳು ನಾನು. ಆ ದಿನ ನೀನು ಬಂದು ಹೋದ ದಿನ. ಅವತ್ತು ಹಾಸಿದ ಬಾಲದ ರೆಕ್ಕೆಯ ಸಂಖ್ಯೆ ನೂರ ಹದಿನಾಲ್ಕು. ಹಲಗೆಯ ಮೇಲೆ ಹದಿನೆಂಟರ ಪಕ್ಕದಲ್ಲಿ ಇಪ್ಪತ್ತಿತ್ತು. ಹತ್ತೊಂಬತ್ತು ಇರಲಿಲ್ಲ.

ನಿನ್ನ ಕಾಗದ ಬಂದಾಗ ನಾನು ಊಟಕ್ಕೆ ಕೂತಿದ್ದೆ. ನೂರ ಹದಿನಾಲ್ಕು ಅಂತ ಓದಿದೆ. ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಭೂತಗನ್ನಡಿಯವರ ಕೋಣೆಗೆ ಹೋದೆ. "ಸಾರ್, ಫೆಬ್ರವರಿಯಲ್ಲಿ ನಾನೊಂದು ಸುಳ್ಳು ಸಹಿ ಹಾಕಿದೀನಿ" ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ನನಗೂ ಒಟ್ಟಿಗೆ ವಯಸ್ಸಾಯಿತು ಅಂತ ನನಗೆ ಗೊತ್ತಾದದ್ದು ಆಗಲೇ. ಬೈಯಲಿಲ್ಲ. "ಐದು ತಿಂಗಳು ಹೇಗೆ ನಿದ್ದೆ ಮಾಡಿದಿರಮ್ಮ?" ಅಂದರು.

ಮಾಡಿದೆ ಕಣೇ. ಅದೇ ನನಗೆ ನಾಚಿಕೆ. ಚೆನ್ನಾಗಿ ನಿದ್ದೆ ಮಾಡಿದೆ, ಕನಸು ಕಂಡೆ, ಕತ್ತರಿಯ ಜೊತೆ ನಗೆಯಾಡಿದೆ. ಅದು ದೂರ ಹೋಗುತ್ತದೆ, ನಾನು ಮುಖ ನೋಡದ ಯಾರೋ ಅದರಲ್ಲಿ ಹಾರುತ್ತಾರೆ, ಏನೂ ಆಗಲಿಕ್ಕಿಲ್ಲ ಅಂತ ಒಂದು ಧೈರ್ಯ. ಆ ಧೈರ್ಯ ನಿನ್ನ ಹೆಸರು ಬಂದ ಕೂಡಲೇ ಮುರಿಯಿತು. ಬೇರೆಯವರ ಮಕ್ಕಳಿಗಾದರೆ ಆಗುತ್ತದೆಯಾ ಅಂತ ಕೇಳಿದ್ದೆಯಲ್ಲ. ಉತ್ತರ ಸಿಕ್ಕಿದೆ. ಆಗುತ್ತಿತ್ತು. ನನಗೆ ಆಗುತ್ತಿತ್ತು. ನಿನಗೆ ಸುಳ್ಳು ಹೇಳಲಾರೆ.

ಇಪ್ಪತ್ತನೇ ತಾರೀಕಿನ ನಿನ್ನ ಹಾರಾಟ ತಪ್ಪಿಹೋಯಿತು. ಅದಕ್ಕೆ ನಾನೇ ಕಾರಣ. ಕ್ಷಮಿಸು ಅಂತ ಕೇಳುವುದಿಲ್ಲ, ಬದುಕಿರು ಅಂತಷ್ಟೇ ಕೇಳುತ್ತೇನೆ.

ದೊಡ್ಡಮ್ಮ


ಜುಲೈ ೧೭

ದೊಡ್ಡಮ್ಮ,

ಫೋನ್ ಮಾಡಿಸಿದ್ದು ನೀನೇ ಅಂತ ಮೇಷ್ಟ್ರು ಹೇಳಿದರು. ಬಾಲ ಬಿಚ್ಚಿ ಪೆಟ್ಟಿಗೆಗೆ ಹಾಕಿ ಕಳಿಸಿಯೂ ಆಯಿತು. ವಿಮಾನ ಶೆಡ್ಡಿನಲ್ಲಿ ಮೊಂಡು ಮೊಂಡಾಗಿ ನಿಂತಿದೆ. ನನ್ನ ಜೊತೆಗೆ ಇನ್ನೂ ಆರು ಜನ ಈ ಋತುವಿನಲ್ಲಿ ಅದರಲ್ಲಿ ಹಾರಬೇಕಿತ್ತು, ಅವರ ಮುಖ ನೋಡಲು ನನಗೆ ಆಗುತ್ತಿಲ್ಲ.

ನನ್ನನ್ನು ನೆಲಕ್ಕೆ ಕಟ್ಟಿಹಾಕಲು ನಿನಗೆ ಕೊನೆಗೂ ಒಂದು ದಾರಿ ಸಿಕ್ಕಿತು. ಸಂಖ್ಯೆ ಕೇಳಿದ್ದು ಇದಕ್ಕಾ?

ನಿನ್ನ ಕಾಗದ ಬಂದಿದೆ. ಒಡೆದಿಲ್ಲ. ಅದರಲ್ಲಿ ಬೇಡ ಅಂತ ಬರೆದಿರುತ್ತೀಯ, ಅದನ್ನು ನಾನು ಕೇಳಿಯಾಗಿದೆ.

ಚಿಟಿಕೆ


ಆಗಸ್ಟ್ ೪

ದೊಡ್ಡಮ್ಮ,

ಎಲ್ಲಿಂದ ಶುರು ಮಾಡಲಿ.

ನಿನ್ನ ಕಾಗದವನ್ನು ಮೂರು ವಾರ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ, ಆ ನೀಲಿ ಸಿಪ್ಪೆಯ ಕೆಳಗೇ. ದಿನಾ ಬೆಳಗ್ಗೆ ಲಕೋಟೆಯ ಮೇಲೆ ನೀಲಿ ಬೆಳಕು ಬೀಳುತ್ತಿತ್ತು, ನಿನ್ನ ಕಾಗೆಕಾಲು ಗುಬ್ಬಿಕಾಲು ನೀರಿನಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ನಾನು ನೋಡಿ ಎದ್ದು ಹೋಗುತ್ತಿದ್ದೆ. ಇವತ್ತು ಬೆಳಗ್ಗೆ ಯಾಕೋ ಏಪ್ರಿಲ್ ತಿಂಗಳ ಕಾಗದ ತೆಗೆದು ಓದಿದೆ. "ಮತ್ತೆ ಎಣಿಸಿದೆ, ಅಲ್ಲ, ಎಣಿಸಿದಳು" ಅಂತ ಬರೆದಿದ್ದೀಯ. ಮೊದಲ ಸಲ ಓದಿದಾಗ ಕೈತಪ್ಪು ಅಂದುಕೊಂಡಿದ್ದೆ. ಇವತ್ತು ಆ ಒಂದು ಅಕ್ಷರದ ಮೇಲೆ ಕಣ್ಣು ನಿಂತುಬಿಟ್ಟಿತು. ಕೂಡಲೇ ಜುಲೈ ಕಾಗದ ಒಡೆದೆ.

ಹತ್ತೊಂಬತ್ತು ಇರಲಿಲ್ಲ ಅಂತ ಓದಿದೆ. ತಲೆ ಎತ್ತಿದೆ. ಕಿಟಕಿಯಲ್ಲಿ ಇತ್ತು.

ದೊಡ್ಡಮ್ಮ, ಅದನ್ನು ತೆಗೆದುಕೊಂಡವಳು ನಾನು. ಅವತ್ತು ನೀನು ತಿರುಗಲಿಲ್ಲವಲ್ಲ, ನಿನ್ನ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ಪಕ್ಕದ ಹಲಗೆಯಲ್ಲಿ ಸಿಪ್ಪೆಗಳಿದ್ದವು. ಒಂದರ ಮೂಲೆಯಲ್ಲಿ ನಿನ್ನ ಕೈಬರಹದಲ್ಲಿ ಹತ್ತೊಂಬತ್ತು ಅಂತಿತ್ತು. ನನಗೂ ಹತ್ತೊಂಬತ್ತು. ನಿನ್ನ ಕೈಯಿಂದ ನನ್ನ ವಯಸ್ಸು ಬರೆದ ಹಾಗಿತ್ತು. ಬೇರೇನೂ ಕೊಡದೆ ಕಳಿಸುತ್ತಿದ್ದೀಯ, ಇದನ್ನಾದರೂ ಒಯ್ಯುತ್ತೇನೆ ಅಂತ ಕಿತ್ತು ಜೇಬಿಗೆ ಹಾಕಿಕೊಂಡೆ. ಚಿಕ್ಕಂದಿನಿಂದ ನೀನು ಮನೆಗೆ ತರುತ್ತಿದ್ದದ್ದೆಲ್ಲ ಎಣಿಸಿ ಬಿಸಾಡಿದ ಸಿಪ್ಪೆಗಳು. ಹಲಗೆಯ ಮೇಲಿದ್ದರೆ ಎಣಿಸಿ ಆಗಿದೆ ಅಂತಲೇ ತಿಳಿದಿದ್ದೆ. ಇನ್ನೂ ಎಣಿಸಬೇಕಾದದ್ದು ಅಂತ ನನಗೆ ಹೊಳೆಯಲೇ ಇಲ್ಲ.

ಓಡಿ ಹೋಗಿ ಮೇಷ್ಟ್ರ ಕೋಣೆಯಿಂದ ಕಾರ್ಖಾನೆಗೆ ಫೋನ್ ಮಾಡಿದೆ, ಕೊಯ್ಯಬೇಡಿ, ಅದು ಸರಿಯಾಗಿದೆ, ಸಿಪ್ಪೆ ನನ್ನ ಹತ್ತಿರ ಇದೆ ಅಂತ. "ನಿನ್ನೆಯೇ ಕೊಯ್ದಾಯಿತಮ್ಮ" ಅಂದರು. ನಿನಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ.

ಒಂದು ದಿನ ಮೊದಲು ಒಡೆದಿದ್ದರೆ ಸಾಕಿತ್ತು. ನೀನು ಅಷ್ಟು ಚೆನ್ನಾಗಿ ಮಾಡಿದ್ದನ್ನು ನನ್ನ ಸಿಟ್ಟು ಕೊಯ್ಯಿಸಿತು. ಸಿಪ್ಪೆಯನ್ನು ಇದರ ಜೊತೆ ಇಟ್ಟಿದ್ದೇನೆ. ಕಿಟಕಿ ಈಗ ಬೋಳಾಗಿದೆ, ಬೆಳಕೆಲ್ಲ ಬಿಳಿ.

ಚಿಟಿಕೆ


ಆಗಸ್ಟ್ ೧೯

ಚಿಟಿಕೆಗೆ,

ಅಳುವುದು ನಿಲ್ಲಿಸು, ಅತ್ತಿದ್ದೀಯ ಅಂತ ಗೊತ್ತು. ಕಾಗದದ ಮೇಲೆ ಎರಡು ಕಡೆ ಶಾಯಿ ಹರಡಿದೆ.

ಕೊಯ್ದ ದಿನದ ವಿಷಯ ಹೇಳುತ್ತೇನೆ, ಯಾರಿಗೂ ಇನ್ನೂ ಸರಿಯಾಗಿ ಹೇಳಿಲ್ಲ. ಸದ್ದು ಕಳಿಸಿ ಒಳಗೆ ನೋಡುವ ಯಂತ್ರವನ್ನು ಮೊದಲು ಇಟ್ಟರು. ಹತ್ತೊಂಬತ್ತನೇ ಪದರ ಬರುವುದು ಮೂಲೆ ತಿರುಗುವ ಕಡೆ, ಅಲ್ಲಿ ಅದು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕೊಯ್ಯಲೇಬೇಕು ಅಂದರು ಭೂತಗನ್ನಡಿ. ನೀರು ಹರಿಸಿಕೊಂಡು ಕೊಯ್ಯುವ ಗರಗಸ ನಮ್ಮದು, ಸದ್ದು ಕಿವಿ ಕಿತ್ತುಹೋಗುವಷ್ಟು. ಕತ್ತರಿ ನನ್ನ ಕೈ ಹಿಡಿದುಕೊಂಡಿದ್ದಳು, ಬಾಯಿ ಮುಚ್ಚಿಕೊಂಡಿದ್ದಳು, ಅದೇ ದೊಡ್ಡ ಸಂಗತಿ. ತುಂಡು ಬಿತ್ತು. ಭೂತಗನ್ನಡಿಯವರು ಅದರ ಅಂಚನ್ನು ಉಜ್ಜಿ ನುಣುಪು ಮಾಡಿ, ಮಸೂರದ ಕೆಳಗಿಟ್ಟು, ತಾವು ನೋಡುವ ಮೊದಲು ನನ್ನನ್ನು ಕರೆದರು.

ಗೆರೆಗಳಿದ್ದವು ಚಿಟಿಕೆ. ಕೂದಲಿಗಿಂತ ಸಣ್ಣ ಗೆರೆಗಳು, ಒಂದರ ಮೇಲೊಂದು, ಮುಚ್ಚಿದ ಪುಸ್ತಕದ ಅಂಚು ನೋಡಿದ ಹಾಗೆ. ಕೆಲವು ನೇರ, ಕೆಲವು ಓರೆ, ನಾನು ಹಾಸಿದ ಕ್ರಮದಲ್ಲೇ. ಮೂಲೆಗೆ ಬಂದಾಗ ಎಲ್ಲವೂ ಒಟ್ಟಿಗೆ ಬಾಗಿ ಒಟ್ಟಿಗೆ ತಿರುಗುತ್ತಿದ್ದವು, ಒಂದೂ ಕೈ ಬಿಟ್ಟಿರಲಿಲ್ಲ. ಎಣಿಸಿದೆ. ಮೂವತ್ತೆರಡು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ನಡುವೆ ಏನೂ ಇಲ್ಲ. ಎದ್ದೇಳಲು ಮನಸ್ಸೇ ಬರಲಿಲ್ಲ. ಸುತ್ತ ಯಾರು ಏನು ಮಾತಾಡುತ್ತಿದ್ದಾರೆ ಅಂತ ಕೇಳಿಸುತ್ತಲೂ ಇರಲಿಲ್ಲ, ನಿನ್ನ ಆ ಹಗ್ಗ ಬಿಟ್ಟ ಮೇಲಿನ ಮೌನ ಇದೇ ಇರಬೇಕು.

ಇಪ್ಪತ್ತೊಂದು ವರ್ಷ ಹಾಸಿದ್ದೇನೆ. ಹಾಸಿದ್ದರ ಒಳಗನ್ನು ಅವತ್ತಿನವರೆಗೆ ನೋಡಿರಲಿಲ್ಲ. ಚೆನ್ನಾಗಿದ್ದರೆ ಯಾರೂ ಕೊಯ್ಯುವುದಿಲ್ಲ, ಹಾರಲು ಹೋಗಿಬಿಡುತ್ತದೆ. "ಒಳಗೆ ಏನಿರುತ್ತೆ ಅಂತ ನನಗೆ ಗೊತ್ತು" ಅಂತ ನಿನ್ನ ಮೇಲೆ ರೇಗಿದ್ದೆನಲ್ಲ, ನನಗೇನೂ ಗೊತ್ತಿರಲಿಲ್ಲ ಕಣೇ. ಬರೀ ಹೆದರಿಕೆ ಇತ್ತು.

ನಾಲ್ಕು ದಿನದ ಮೇಲೆ ನಿನ್ನ ಲಕೋಟೆ ಬಂತು. ಸಿಪ್ಪೆಯನ್ನು ಭೂತಗನ್ನಡಿಯವರಿಗೆ ಕೊಟ್ಟೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಅವರ ಮುಖವೆಲ್ಲ ನೀಲಿಯಾಯಿತು. "ಹಾಗಾದ್ರೆ ಕೊಯ್ದದ್ದು ದಂಡ ಆಯ್ತಲ್ಲಮ್ಮ" ಅಂದರು. "ಇಲ್ಲ ಸಾರ್" ಅಂದೆ. ನಿನ್ನನ್ನು ಒಳಗೆ ಬಿಟ್ಟ ತಪ್ಪು ತಮ್ಮದು ಅಂತ ಅವರೇ ರಿಜಿಸ್ಟರಿನಲ್ಲಿ ಬರೆದುಕೊಂಡರು.

ಅದಕ್ಕೇ ನಿನ್ನ ಸಿಟ್ಟು ಕೊಯ್ಯಿಸಿತು ಅಂತ ಅನ್ನಬೇಡ. ರೆಕ್ಕೆಯೊಳಗೆ ಸಿಪ್ಪೆ ಇರಲಿಲ್ಲ, ನಿಜ. ಆದರೆ ಅದರ ಚೀಟಿಯ ಮೇಲೆ ನನ್ನ ಸುಳ್ಳು ಇತ್ತು, ಅದು ಹಾರಬಾರದಿತ್ತು. ಒಂದು ವರ್ಷ ನನ್ನ ಎಣಿಕೆಗೆ ನಾನು ಸಹಿ ಹಾಕುವ ಹಾಗಿಲ್ಲ. ಕತ್ತರಿ ಹಾಕುತ್ತಾಳೆ, ದಿನಕ್ಕೆ ನಾಲ್ಕು ಸಲ ಅದನ್ನು ನನಗೆ ನೆನಪೂ ಮಾಡುತ್ತಾಳೆ. ಇರಲಿ. ಸಲ್ಲಬೇಕಾದದ್ದೇ.

ಕೊಯ್ದ ತುಂಡಿನಲ್ಲಿ ಒಂದು ಚೂರು ಬೇಡಿ ತಂದು ಇದರ ಜೊತೆ ಕಳಿಸಿದ್ದೇನೆ, ಬೆರಳಿನಷ್ಟಿದೆ. ಬಿಸಿಲಿಗೆ ಹಿಡಿದು ಅಂಚು ನೋಡು. ನೀನು ನನ್ನ ಹಿಂದೆ ನಿಂತಿದ್ದ ಹೊತ್ತು ಅದರೊಳಗೆ ಇದೆ. ಕೊನೆಯ ಏಳೆಂಟು ಗೆರೆ ಹಾಸುವಾಗ ನನಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಸೊಟ್ಟಗಾಗಿಲ್ಲ.

ಹೊಸ ಬಾಲದ ರೆಕ್ಕೆ ಮೊನ್ನೆ ಒಲೆಯಿಂದ ಬಂತು. ನೂರ ಮೂವತ್ತೊಂದು. ಸಿಪ್ಪೆಗಳನ್ನು ನಾನು ಎಣಿಸಿದೆ, ಕತ್ತರಿ ಎಣಿಸಿದಳು, ಭೂತಗನ್ನಡಿಯವರು ಎದ್ದು ಬಂದು ಎಣಿಸಿದರು. ಎಷ್ಟು ಬಂತು ಅಂತ ನಿನಗೆ ಹೇಳಬೇಕಾಗಿಲ್ಲ. ಮುಂದಿನ ವಾರ ನಿನ್ನ ಬಯಲಿಗೆ ಬರುತ್ತದೆ. ಮೊದಲು ನಿನ್ನ ಜೊತೆಯವರು ಆರು ಜನ ಹಾರಲಿ, ಅವರ ಋತುವನ್ನು ನಾನು ತಿಂದಿದ್ದೇನೆ. ಆಮೇಲೆ ನೀನು. ಹಿಂದಿನ ಸೀಟು ಖಾಲಿ ಬಿಟ್ಟು, ತೋಳು ಮಡಚಿಕೊಂಡು, ನಾನು ಮಾಡಿದ್ದರಲ್ಲಿ ಹಾರು.

ಹತ್ತೊಂಬತ್ತನೇ ಸಿಪ್ಪೆಯನ್ನು ಕಾರ್ಖಾನೆಯವರು ಫೈಲಿಗೆ ಹಾಕಿಕೊಂಡರು, ವಾಪಸ್ ಕೊಡುವುದಿಲ್ಲವಂತೆ. ನಿನ್ನ ಕಿಟಕಿ ಬೋಳಾಗಿರುವುದು ಬೇಡ. ಹೇಗೂ ಬರುವ ತಿಂಗಳು ನಿನಗೆ ಇಪ್ಪತ್ತು ತುಂಬುತ್ತದೆ. ನೂರ ಮೂವತ್ತೊಂದರ ಇಪ್ಪತ್ತನೇ ಸಿಪ್ಪೆಯನ್ನು ಮಡಚದೆ ಒಳಗಿಟ್ಟಿದ್ದೇನೆ.

ಇದು ಎಣಿಸಿ ಆದದ್ದು.

ನಿನ್ನ ದೊಡ್ಡಮ್ಮ